ಸೋಲ್, ಫಂಕ್ ಸಂಕಲನಗಳು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಅಮೆರಿಕದ ಕಪ್ಪು ಜನರ ಹಳೇ ಸೋಲ್ (ಚರ್ಚ್ ಹಾಡಿನ ಭಾವ ತುಂಬಿದ ಸಂಗೀತ), ಫಂಕ್ (ಸೋಲ್‌ನಿಂದ ಬೆಳೆದ, ಲಯವೇ ಮುಂದಿರುವ ಕುಣಿತದ ಸಂಗೀತ) ಹಾಡುಗಳ ರುಚಿ ಹತ್ತಿದವರಿಗೆ ಸ್ವಲ್ಪ ದಿನದಲ್ಲೇ ಒಂದು ಗೊಂದಲ ಶುರುವಾಗುತ್ತದೆ. ಒಬ್ಬೊಬ್ಬ ಗಾಯಕರ ಆಲ್ಬಂಗಳನ್ನು ಒಂದೊಂದಾಗಿ ಕೊಳ್ಳಬೇಕಾ, ಇಲ್ಲಾ ಒಳ್ಳೆಯ ಸಂಕಲನ ತಗೊಂಡರೆ ಸಾಕಾ? ರಾಕ್ ಕೇಳುವ ಸ್ನೇಹಿತರು ಸಂಕಲನ ಅಂದ ತಕ್ಷಣ ಮೂಗು ಮುರಿಯುತ್ತಾರೆ. ಗ್ರೇಟೆಸ್ಟ್ ಹಿಟ್ಸ್ ಕೊಳ್ಳುವುದು ಸೋಮಾರಿಗಳ ಕೆಲಸ ಅಂತ ಅವರ ಲೆಕ್ಕ. ರಾಕ್ ಮಟ್ಟಿಗೆ ಅದು ನಿಜ ಇರಬಹುದು. ಸೋಲ್ ಮಟ್ಟಿಗೆ ಅಲ್ಲವೇ ಅಲ್ಲ.

ಯಾಕೆ ಅಂದರೆ, 1960ರ ದಶಕದಲ್ಲಿ ಈ ಸಂಗೀತ ತಯಾರಾಗುತ್ತಿದ್ದದ್ದೇ ಬದಿಗೊಂದು ಹಾಡಿರುವ ಏಳು ಇಂಚಿನ ಸಿಂಗಲ್‌ಗಳಿಗಾಗಿ. ಮೂರು ನಿಮಿಷದೊಳಗೆ ಹಾಡು ಮುಗಿಯಬೇಕು, ರೇಡಿಯೊದಲ್ಲಿ ಬರಬೇಕು, ಜೂಕ್‌ಬಾಕ್ಸ್‌ನಲ್ಲಿ ಓಡಬೇಕು. ಹಾಡು ಗೆದ್ದರೆ ಅದರ ಬೆನ್ನಿಗೇ ಹತ್ತಾರು ಹಾಡಿನ ದೊಡ್ಡ ಡಿಸ್ಕ್, ಅಂದರೆ ಎಲ್‌ಪಿ, ಬರುತ್ತಿತ್ತು, ಅದರಲ್ಲಿ ಗೆದ್ದ ಹಾಡು ಎರಡು, ಉಳಿದದ್ದು ಬೇರೆಯವರ ಹಾಡುಗಳನ್ನೇ ಅವಸರದಲ್ಲಿ ಹಾಡಿ ತುಂಬಿಸಿದ್ದು. ಸಣ್ಣ ಊರಿನ ಸಣ್ಣ ಕಂಪನಿಗಳಂತೂ ಎಲ್‌ಪಿ ತನಕ ಬರಲೇ ಇಲ್ಲ. ಐದಾರು ಸಿಂಗಲ್ ಬಿಟ್ಟವು, ಮುಚ್ಚಿಕೊಂಡವು. ಅಂಥವರ ಸಂಗೀತ ಕೇಳಬೇಕಾದರೆ ಸಂಕಲನವೇ ಗತಿ. 1970ರ ನಂತರ ಲೆಕ್ಕ ಬದಲಾಗುತ್ತದೆ ಅನ್ನಿ. ಮಾರ್ವಿನ್ ಗೇ 1971ರಲ್ಲಿ ತಂದ 'ವಾಟ್ಸ್ ಗೋಯಿಂಗ್ ಆನ್' ಥರದ್ದನ್ನು ಇಡೀ ಆಲ್ಬಂ ಆಗಿಯೇ ಕೇಳಬೇಕು, ಆ ಕಾಲದ ಸ್ಟೀವಿ ವಂಡರ್ ಕೂಡ ಹಾಗೇ. ಆದರೆ ಅದಕ್ಕಿಂತ ಮೊದಲಿನದಕ್ಕೆ ಸಂಕಲನ ಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ.

ತೊಂದರೆ ಇರುವುದು ಬೇರೆ ಕಡೆ. ಮಾರುಕಟ್ಟೆಯಲ್ಲಿ ಸೋಲ್ ಹೆಸರಿನ ಸಂಕಲನಗಳು ರಾಶಿ ಬಿದ್ದಿವೆ, ಅದರಲ್ಲಿ ಮುಕ್ಕಾಲು ಪಾಲು ಕಸ. ಮುಂದೆ ಬರೆದಿರುವುದೆಲ್ಲ ಆ ಕಸದಿಂದ ಕಾಳು ಆರಿಸುವ ಬಗ್ಗೆ.

ಮುಂದಿನ ಕವರ್ ಬಿಡಿ, ಹಿಂದಿನದು ಓದಿ

ಕೊಳ್ಳುವ ಮೊದಲು ಡಿಸ್ಕ್ ತಿರುಗಿಸಿ ಹಿಂಭಾಗದ ಸಣ್ಣ ಅಕ್ಷರ ಓದಿ. ಆನ್‌ಲೈನ್ ಆದರೆ ಹಿಂಭಾಗದ ಫೋಟೊ ಕೇಳಿ ತರಿಸಿಕೊಳ್ಳಿ. ಅಲ್ಲಿ 'ರೀ-ರೆಕಾರ್ಡೆಡ್' ಅನ್ನೋ ಮಾತು ಎಲ್ಲಾದರೂ ಮೂಲೆಯಲ್ಲಿ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಎಷ್ಟೋ ಸೋಲ್ ಗಾಯಕರಿಗೆ ತಮ್ಮ ಹಳೇ ಹಾಡಿನ ಟೇಪಿನ ಮೇಲೆ ಹಕ್ಕೇ ಇರಲಿಲ್ಲ, ಅದೆಲ್ಲ ಕಂಪನಿಯದ್ದು. ಆಮೇಲೆ ಅಗ್ಗದ ಸಂಕಲನ ಮಾಡುವವರು ಅದೇ ಗಾಯಕರನ್ನು ಕರೆದು ಒಂದಿಷ್ಟು ದುಡ್ಡು ಕೊಟ್ಟು ಅದೇ ಹಾಡನ್ನು ಮತ್ತೆ ಹಾಡಿಸಿದರು. ಗಾಯಕ ಅವನೇ, ಹಾಡು ಅದೇ. ಆದರೆ ಡ್ರಮ್ ಬಾರಿಸಿದವನು ಬೇರೆ, ಬೇಸ್ ಗಿಟಾರ್ ನುಡಿಸಿದವನು ಬೇರೆ, ಸ್ಟುಡಿಯೊ ಬೇರೆ, ಗಂಟಲಿಗೂ ಇಪ್ಪತ್ತು ವರ್ಷ ಜಾಸ್ತಿ ಆಗಿದೆ. ಸೋಲ್ ಸಂಗೀತದಲ್ಲಿ ಅರ್ಧ ಜೀವ ಇರುವುದೇ ಆ ವಾದ್ಯದವರಲ್ಲಿ. ಇನ್ನೊಂದು ಮಾತು, 'ಮೂಲ ಕಲಾವಿದರು' ಅಂತ ದೊಡ್ಡದಾಗಿ ಬರೆದಿದ್ದರೆ ಮೋಸ ಹೋಗಬೇಡಿ. ಮೂಲ ಕಲಾವಿದರೇ ಇರಬಹುದು, ಮೂಲ ರೆಕಾರ್ಡಿಂಗ್ ಅಂತ ಅವರು ಹೇಳಿಯೇ ಇಲ್ಲವಲ್ಲ.

ಒಳ್ಳೆಯ ಸಂಕಲನದ ಹಿಂಭಾಗ ಅಥವಾ ಒಳಗಿನ ಪುಸ್ತಕ ಹೇಗಿರುತ್ತದೆ ಅಂದರೆ: ಪ್ರತಿ ಹಾಡಿನ ಪಕ್ಕದಲ್ಲಿ ಅದನ್ನು ಮೊದಲು ಹೊರತಂದ ಕಂಪನಿ, ಆ ಸಿಂಗಲ್‌ನ ನಂಬರ್, ವರ್ಷ, ಹಾಡು ಬರೆದವರ ಹೆಸರು, ಈಗ ಯಾರಿಂದ ಹಕ್ಕು ಪಡೆದಿದ್ದೇವೆ ಅನ್ನೋ ಸಾಲು. ಇದರ ಜೊತೆ ಯಾವ ಊರಿನ ಯಾವ ಸ್ಟುಡಿಯೊದಲ್ಲಿ ಯಾರ್‍ಯಾರು ನುಡಿಸಿದರು ಅಂತಲೂ ಇದ್ದರೆ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಇಷ್ಟು ಶ್ರಮ ತಗೊಂಡವರು ಟೇಪಿನ ವಿಷಯದಲ್ಲಿ ಕಳ್ಳಾಟ ಆಡುವುದು ತೀರಾ ಅಪರೂಪ.

ಎಲ್‌ಪಿ ಕೊಳ್ಳುವವರು ಹಾಡುಗಳನ್ನು ಎಣಿಸಿ. 1970ರ ದಶಕದಲ್ಲಿ ಕೆನಡಾದ ಕೆ-ಟೆಲ್ ಕಂಪನಿ ಒಂದೇ ಎಲ್‌ಪಿಯಲ್ಲಿ ಇಪ್ಪತ್ತು ಹಾಡು ತುರುಕಿ ಟಿವಿ ಜಾಹೀರಾತಿನ ಜೋರಲ್ಲಿ ಮಾರುತ್ತಿತ್ತು. ಒಂದು ಬದಿಗೆ ಹತ್ತು ಹಾಡು ಹಿಡಿಸಬೇಕಾದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಹಾಗೆ ಕೊರೆಯಬೇಕಾದರೆ ಸದ್ದು ತಗ್ಗಿಸಬೇಕು, ಬೇಸ್ ಕಡಿಮೆ ಮಾಡಬೇಕು. ಅದೂ ಸಾಲದೆ ಹಾಡುಗಳನ್ನೇ ಮಧ್ಯದಲ್ಲಿ ಕತ್ತರಿಸುತ್ತಿದ್ದರು. ಬೇಸ್ ಇಲ್ಲದ ಫಂಕ್ ಕೇಳಿ ಏನು ಮಾಡೋದು? ಒಂದು ಬದಿಗೆ ಸುಮಾರು ಇಪ್ಪತ್ತು ನಿಮಿಷ ಇದ್ದರೆ ಚೆನ್ನ. ಕವರ್ ಚೆಂದ ಇದೆ, ಗೋಡೆಗೆ ಹಾಕುತ್ತೇನೆ ಅಂದರೆ ಅದು ಬೇರೆ ಮಾತು.

ಆಮೇಲೆ ಮೋನೊ (ಎಲ್ಲ ಸದ್ದೂ ಒಂದರಲ್ಲೇ), ಸ್ಟೀರಿಯೊ (ಎಡಕ್ಕೊಂದು, ಬಲಕ್ಕೊಂದು ಅಂತ ಹಂಚಿದ್ದು). ಇಲ್ಲಿ ನಮ್ಮ ಸಾಮಾನ್ಯ ಅಂದಾಜು ತಲೆಕೆಳಗಾಗುತ್ತದೆ. 60ರ ದಶಕದ ಸೋಲ್‌ಗೆ ಮೋನೊ ಇದ್ದರೆ ಮೋನೊನೇ ಆರಿಸಿ. ಆಗಿನ ಎಂಜಿನಿಯರ್‌ಗಳು ತಲೆ ಕೆಡಿಸಿಕೊಂಡು ಕೂತಿದ್ದದ್ದು ಮೋನೊ ಮಿಕ್ಸ್ ಮೇಲೆ. ಕಾರಿನ ರೇಡಿಯೊದ ಒಂದೇ ಸ್ಪೀಕರ್‌ನಲ್ಲಿ ಹಾಡು ಎದ್ದು ಕೇಳಬೇಕಿತ್ತು. ಸ್ಟೀರಿಯೊ ಎಷ್ಟೋ ಸಲ ಆಮೇಲೆ ಸುಮ್ನೆ ಮಾಡಿದ್ದು, ಡ್ರಮ್ ಎಲ್ಲ ಒಂದು ಕಿವಿಗೆ, ಹಾಡು ಇನ್ನೊಂದು ಕಿವಿಗೆ. 'ಎಲೆಕ್ಟ್ರಾನಿಕಲಿ ರೀಚಾನೆಲ್ಡ್' ಅಂತ ಬರೆದ ಎಲ್‌ಪಿಗಳು ಇನ್ನೂ ಕೆಟ್ಟವು. ಅದು ಮೋನೊ ಟೇಪನ್ನೇ ಎಳೆದಾಡಿ ಮಾಡಿದ ಸುಳ್ಳು ಸ್ಟೀರಿಯೊ. ಪುಕ್ಕಟೆ ಕೊಟ್ಟರೂ ಬೇಡ.

ಗಾಯಕರ ಹೆಸರಲ್ಲ, ಕಂಪನಿ ಹಿಡಿದು ಹೋಗಿ

ಹೊಸಬರಿಗೆ ನನ್ನ ಮುಖ್ಯ ಸಲಹೆ ಇದು. ಸೋಲ್ ಸಂಗೀತ ಊರಿಂದ ಊರಿಗೆ, ಸ್ಟುಡಿಯೊದಿಂದ ಸ್ಟುಡಿಯೊಗೆ ಬದಲಾಗುತ್ತದೆ. ಒಂದೊಂದು ಕಂಪನಿಗೂ ಸಂಬಳಕ್ಕಿದ್ದ ಅದದೇ ವಾದ್ಯದವರು, ಅದದೇ ಕೋಣೆ. ಹಾಗಾಗಿ 'ಸಿಕ್ಸ್ಟೀಸ್ ಸೋಲ್' ಅಂತ ಎಲ್ಲವನ್ನೂ ಕಲಸಿದ ಡಿಸ್ಕ್‌ಗಿಂತ ಒಂದೇ ಕಂಪನಿಯ ಸಂಕಲನ ನೂರು ಪಾಲು ವಾಸಿ. ಅದನ್ನು ಕೇಳಿ ಮುಗಿಸುವ ಹೊತ್ತಿಗೆ ಕಿವಿಗೆ ಆ ಊರಿನ ಗುರುತು ಹತ್ತಿರುತ್ತದೆ.

ಮೋಟೌನ್‌ನಿಂದ ಶುರು ಮಾಡಿ. ಬೆರಿ ಗಾರ್ಡಿ 1959ರಲ್ಲಿ ಡೆಟ್ರಾಯ್ಟ್‌ನಲ್ಲಿ ಕಟ್ಟಿದ ಕಂಪನಿ, ಸ್ಟುಡಿಯೊ ಇದ್ದದ್ದು ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ ಒಂದು ಮನೆಯಲ್ಲಿ. 1992ರಲ್ಲಿ ಬಂದ 'ಹಿಟ್ಸ್‌ವಿಲ್ ಯುಎಸ್ಎ' ನಾಲ್ಕು ಸಿಡಿಗಳ ಸೆಟ್. 1959ರಿಂದ 1971ರ ತನಕದ ನೂರಕ್ಕೂ ಜಾಸ್ತಿ ಸಿಂಗಲ್‌ಗಳು ಇದರಲ್ಲಿವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಮೊದಲ ಸಲ ಕೇಳುವಾಗ ಹಾಡು ಕೇಳಿ. ಎರಡನೇ ಸಲ ಹಾಡು ಬಿಟ್ಟು ಜೇಮ್ಸ್ ಜೇಮರ್ಸನ್ ನುಡಿಸಿದ ಬೇಸ್ ಒಂದನ್ನೇ ಹಿಂಬಾಲಿಸಿ. ಇಂಥ ಮನುಷ್ಯನ ಹೆಸರು ವರ್ಷಗಟ್ಟಲೆ ಮೋಟೌನ್ ಕವರ್ ಮೇಲೆ ಅಚ್ಚಾಗಲೇ ಇಲ್ಲ ಅಂದರೆ ಹೊಟ್ಟೆ ಉರಿಯುತ್ತದೆ. ಹುಚ್ಚು ಪೂರ್ತಿ ತಲೆಗೇರಿದವರಿಗೆ 2005ರಿಂದ 2013ರ ತನಕ ಬಂದ 'ದಿ ಕಂಪ್ಲೀಟ್ ಮೋಟೌನ್ ಸಿಂಗಲ್ಸ್' ಇದೆ, ಹದಿನಾಲ್ಕು ಕಂತು, ಸೋತ ಹಾಡು, ಸಿಂಗಲ್‌ನ ಹಿಂಬದಿಯ (ಬಿ-ಸೈಡ್) ಹಾಡು ಎಲ್ಲ ಸೇರಿಸಿ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಮೊದಲು ನಾಲ್ಕು ಸಿಡಿ ಅರಗಿಸಿಕೊಳ್ಳಿ.

ಆಮೇಲೆ ಸ್ಟ್ಯಾಕ್ಸ್, ನನ್ನ ಪಕ್ಷಪಾತ ಇಲ್ಲಿಗೇ. ಮೆಂಫಿಸ್‌ನ ಜಿಮ್ ಸ್ಟೂವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್ಟನ್, ಇಬ್ಬರ ಮನೆಹೆಸರಿನ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರ (St, Ax) ಸೇರಿ ಕಂಪನಿಗೆ ಆ ಹೆಸರು. ಮ್ಯಾಕ್‌ಲೆಮೋರ್ ಅವೆನ್ಯೂದಲ್ಲಿ ಮುಚ್ಚಿದ್ದ ಒಂದು ಸಿನಿಮಾ ಟಾಕೀಸನ್ನು ಬಾಡಿಗೆಗೆ ಹಿಡಿದು ಸ್ಟುಡಿಯೊ ಮಾಡಿದರು. ಟಾಕೀಸಿನ ಇಳಿಜಾರು ನೆಲವನ್ನು ಹಾಗೇ ಬಿಟ್ಟರು. ಮುಂಭಾಗದಲ್ಲಿ ಪಾಪ್‌ಕಾರ್ನ್ ಮಾರುತ್ತಿದ್ದ ಜಾಗದಲ್ಲಿ ಆಕ್ಸ್ಟನ್ ರೆಕಾರ್ಡ್ ಅಂಗಡಿ ಇಟ್ಟರು, ಒಳಗೆ ತಯಾರಾದ ಹಾಡನ್ನು ಅಲ್ಲೇ ಗಿರಾಕಿಗಳಿಗೆ ಹಾಕಿ ಅವರ ಮುಖ ನೋಡುತ್ತಿದ್ದರು. ಬುಕರ್ ಟಿ ಆಂಡ್ ದಿ ಎಂಜೀಸ್ ಇಲ್ಲಿನ ಖಾಯಂ ವಾದ್ಯದವರು, ಇಬ್ಬರು ಕಪ್ಪು ಇಬ್ಬರು ಬಿಳಿ ಸಂಗೀತಗಾರರು, ಅದೂ ಆ ಕಾಲದ ಮೆಂಫಿಸ್‌ನಲ್ಲಿ. ಮೋಟೌನ್‌ನ ನಯ ಇಲ್ಲಿಲ್ಲ. ಕೊಂಬು ವಾದ್ಯಗಳು (ಟ್ರಂಪೆಟ್, ಸ್ಯಾಕ್ಸೊಫೋನ್ ಥರದವು) ಒರಟು, ಮಧ್ಯೆ ಬೇಕಾದಷ್ಟು ಖಾಲಿ ಜಾಗ. ಸ್ನೇರ್ ಡ್ರಮ್ಮಿನ (ಚಟ್ ಅನ್ನುವ ಚಪ್ಪಟೆ ಡ್ರಮ್) ಏಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ, ಒಮ್ಮೆ ಅದು ಕಿವಿಗೆ ಬಿದ್ದರೆ ಆಮೇಲೆ ಎಲ್ಲಿ ಕೇಳಿದರೂ ಗುರುತು ಹತ್ತುತ್ತದೆ.

ಇಲ್ಲಿ ಕೊಳ್ಳುವವರಿಗೆ ಒಂದು ತೊಡಕಿದೆ. ಸ್ಟ್ಯಾಕ್ಸ್ ಸಿಂಗಲ್‌ಗಳ ಮೂರು ದೊಡ್ಡ ಪೆಟ್ಟಿಗೆಗಳು ಬಂದಿವೆ. ಮೊದಲನೆಯದು 1959ರಿಂದ 1968, 1991ರಲ್ಲಿ ಬಂತು, ಒಂಬತ್ತು ಸಿಡಿ, 244 ಹಾಡು. ಇದು ಅಟ್ಲಾಂಟಿಕ್ ಕಂಪನಿಯದ್ದು. 1968ರ ನಂತರದ ಎರಡು ಪೆಟ್ಟಿಗೆಗಳು ಫ್ಯಾಂಟಸಿ ಕಂಪನಿಯವು. ಯಾಕೆ ಹೀಗೆ? ಸ್ಟ್ಯಾಕ್ಸ್‌ನ ಹಾಡುಗಳನ್ನು ದೇಶವಿಡೀ ಹಂಚುತ್ತಿದ್ದದ್ದು ಅಟ್ಲಾಂಟಿಕ್. ಜಿಮ್ ಸ್ಟೂವರ್ಟ್ 1965ರಲ್ಲಿ ಸರಿಯಾಗಿ ಓದದೆ ಸಹಿ ಹಾಕಿದ ಒಪ್ಪಂದದಲ್ಲಿ ಅಷ್ಟೂ ಮಾಸ್ಟರ್ (ಮೂಲ ರೆಕಾರ್ಡಿಂಗ್) ಟೇಪುಗಳ ಒಡೆತನ ಅಟ್ಲಾಂಟಿಕ್‌ಗೆ ಹೋಗುವ ಕಲಮು ಇತ್ತು. 1968ರಲ್ಲಿ ಸಂಬಂಧ ಮುರಿದಾಗ ಅದು ಗೊತ್ತಾಯಿತು. ಆಗಿನ್ನೂ ಸ್ಟ್ಯಾಕ್ಸ್‌ನ ದೊಡ್ಡ ಗಾಯಕ ಓಟಿಸ್ ರೆಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡು ಕೆಲವೇ ತಿಂಗಳು. ಅವರ ಹಾಡುಗಳೂ ಕೈಬಿಟ್ಟು ಹೋದವು. ಹಾಗಾಗಿ 'ಬೆಸ್ಟ್ ಆಫ್ ಸ್ಟ್ಯಾಕ್ಸ್' ಅಂತ ಯಾವುದೇ ಡಿಸ್ಕ್ ಸಿಕ್ಕರೂ ಅದರ ಹಾಡುಗಳ ವರ್ಷ ನೋಡಿ. ಎಲ್ಲವೂ 1968ರ ಈಚಿನವೇ ಆದರೆ ಅದರಲ್ಲಿ ಐಸಾಕ್ ಹೇಯ್ಸ್, ಸ್ಟೇಪಲ್ ಸಿಂಗರ್ಸ್ ಸಿಗುತ್ತಾರೆ, ಓಟಿಸ್ ಸಿಗುವುದಿಲ್ಲ. ಎರಡೂ ಒಳ್ಳೆಯವೇ, ಏನು ಕೊಳ್ಳುತ್ತಿದ್ದೀರಿ ಅಂತ ಗೊತ್ತಿರಬೇಕು ಅಷ್ಟೇ.

ಫಿಲಡೆಲ್ಫಿಯಾದ ಗ್ಯಾಂಬಲ್ ಮತ್ತು ಹಫ್ ಅನ್ನೋ ಹಾಡು ಬರೆದು ನಿರ್ಮಿಸುವ ಜೋಡಿಯ ಪಿಟೀಲು ತುಂಬಿದ ಸೋಲ್ ಬೇಕಾದವರಿಗೆ 2008ರ 'ಲವ್ ಟ್ರೈನ್' ನಾಲ್ಕು ಸಿಡಿ ಸೆಟ್ ಸಾಕು. ನನಗೆ ಇದು ಸ್ವಲ್ಪ ಸಿಹಿ ಜಾಸ್ತಿ. ಅರೀಥಾ ಫ್ರಾಂಕ್ಲಿನ್ ಅವರದ್ದಾದರೆ 1992ರ 'ಕ್ವೀನ್ ಆಫ್ ಸೋಲ್', ಅಟ್ಲಾಂಟಿಕ್ ಕಾಲದ ಹಾಡುಗಳು, ಅದಕ್ಕೂ ನಾಲ್ಕು ಸಿಡಿ.

ಫಂಕ್ ಅಂದರೆ ಮೊದಲು ಜೇಮ್ಸ್ ಬ್ರೌನ್

ಇವರ ಆಲ್ಬಂಗಳ ಕಾಡಿಗೆ ಹೊಸಬರು ನುಗ್ಗಬಾರದು. ವರ್ಷಕ್ಕೆ ಎಷ್ಟೆಷ್ಟೋ ಎಲ್‌ಪಿ ಬಿಟ್ಟಿದ್ದಾರೆ, ಒಂದೇ ಹಾಡು ಬೇರೆ ಬೇರೆ ರೂಪದಲ್ಲಿ ಅಲ್ಲಲ್ಲಿ ಹರಡಿದೆ. 1991ರಲ್ಲಿ ಬಂದ 'ಸ್ಟಾರ್ ಟೈಮ್', ನಾಲ್ಕು ಸಿಡಿ, 71 ಹಾಡು, ಸೋಲ್ ಸಂಕಲನಗಳಲ್ಲೇ ಇದಕ್ಕೆ ಸಾಟಿ ಇಲ್ಲ ಅಂತ ನನ್ನ ಅಭಿಪ್ರಾಯ. ಕಾಲಕ್ರಮದಲ್ಲಿ ಕೇಳುತ್ತಾ ಹೋದರೆ ಸೋಲ್ ಎಲ್ಲಿ ಫಂಕ್ ಆಗಿ ತಿರುಗಿತು ಅಂತ ಕಿವಿಗೇ ಗೊತ್ತಾಗುತ್ತದೆ. 1965ರ 'ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್' ಹಾಡನ್ನು ಸಿಂಗಲ್ ಮಾಡುವಾಗ ಕತ್ತರಿಸಿ ವೇಗ ಹೆಚ್ಚಿಸಿದ್ದರು. ಇಲ್ಲಿ ಅದು ಸ್ಟುಡಿಯೊದಲ್ಲಿ ನುಡಿಸಿದ ನಿಜವಾದ ವೇಗದಲ್ಲಿ, ಪೂರ್ತಿಯಾಗಿ ಇದೆ. ಶುರುವಿನಲ್ಲೇ ಬ್ರೌನ್ 'ದಿಸ್ ಈಸ್ ಎ ಹಿಟ್' ಅಂತ ಕೂಗುವುದು ಕೇಳುತ್ತದೆ. ಹಾಡು ಇನ್ನೂ ಶುರುವಾಗಿಲ್ಲ, ಮನುಷ್ಯನಿಗೆ ಅಷ್ಟು ನಂಬಿಕೆ.

ಎರಡನೆಯದು 1986ರ 'ಇನ್ ದಿ ಜಂಗಲ್ ಗ್ರೂವ್'. ಎಲ್‌ಪಿ ರೂಪದಲ್ಲಿ ಒಂದೇ ಒಂದು ಫಂಕ್ ಸಂಕಲನ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. 'ಫಂಕಿ ಡ್ರಮ್ಮರ್' 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ರೆಕಾರ್ಡ್ ಆಗಿ, ಮುಂದಿನ ವರ್ಷ ಸಿಂಗಲ್ ಆಗಿ ಎರಡು ತುಂಡಾಗಿ ಬಂದು, ಆಮೇಲೆ ಯಾವ ಆಲ್ಬಂನಲ್ಲೂ ಇಲ್ಲದೆ ಮೂಲೆ ಸೇರಿತ್ತು. ಈ ಸಂಕಲನದಲ್ಲಿ ಮೊದಲ ಸಲ ಒಂಬತ್ತು ನಿಮಿಷ ಪೂರ್ತಿಯಾಗಿ ಬಂತು. ಕೇಳುವಾಗ ಅವಸರ ಮಾಡಬೇಡಿ. ಮೊದಲ ಐದು ನಿಮಿಷ ಏನೂ ವಿಶೇಷ ಇಲ್ಲ ಅನಿಸುತ್ತದೆ, ಒಂದೇ ಲಯದ ಮೇಲೆ ಕೊಂಬು, ಗಿಟಾರ್, ಬ್ರೌನ್‌ರ ಹೂಂಕಾರ. ಆಮೇಲೆ ಬ್ರೌನ್ ಎಲ್ಲರಿಗೂ ನಿಲ್ಲಿಸಲು ಹೇಳಿ, ಡ್ರಮ್ಮರ್‌ಗೆ ಮಾತ್ರ ಇದ್ದದ್ದನ್ನೇ ಬಾರಿಸು, ಸೋಲೊ ಬೇಡ ಅನ್ನುತ್ತಾರೆ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಿದ್ದ ಹಾಗೇ ಎಲ್ಲ ಸದ್ದೂ ಅಡಗಿ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ಉಳಿಯುತ್ತಾರೆ. ಜೋರಾಗಿ ಬಾರಿಸುವುದೇ ಇಲ್ಲ. ದೊಡ್ಡ ಏಟುಗಳ ಮಧ್ಯೆ ಸ್ನೇರ್ ಮೇಲೆ ಕಡ್ಡಿ ಮೆಲ್ಲಗೆ ಪುಟಿಯುವ ಪುಟಾಣಿ ಸದ್ದುಗಳಿವೆ ನೋಡಿ, ಹೆಡ್‌ಫೋನ್ ಹಾಕಿಕೊಂಡು ಅವನ್ನು ಕೇಳಿ. ಕೆಲವೇ ಸೆಕೆಂಡುಗಳ ಆ ತುಣುಕನ್ನು ಹಿಪ್‌ಹಾಪ್‌ನವರು ಎಷ್ಟು ಹಾಡಿಗೆ ಎತ್ತಿಕೊಂಡರೋ ಲೆಕ್ಕವಿಲ್ಲ. ಸ್ಟಬಲ್‌ಫೀಲ್ಡ್‌ಗೆ ಮಾತ್ರ ಅದರ ರಾಯಲ್ಟಿ ಬರಲಿಲ್ಲ, ಹಾಡು ಬರೆದವರು ಅಂತ ಹೆಸರು ಇದ್ದದ್ದು ಬ್ರೌನ್‌ರದ್ದು. ಸ್ಟಬಲ್‌ಫೀಲ್ಡ್ 2017ರಲ್ಲಿ ತೀರಿಕೊಂಡರು.

ಸ್ಲೈ ಆಂಡ್ ದಿ ಫ್ಯಾಮಿಲಿ ಸ್ಟೋನ್‌ರ 1970ರ 'ಗ್ರೇಟೆಸ್ಟ್ ಹಿಟ್ಸ್' ಕೂಡ ಪಟ್ಟಿಯಲ್ಲಿರಲಿ. 'ಹಾಟ್ ಫನ್ ಇನ್ ದಿ ಸಮ್ಮರ್‌ಟೈಮ್' ಸೇರಿ ಇದರ ಮೂರು ಹಾಡುಗಳು ಅವರ ಯಾವ ಸ್ಟುಡಿಯೊ ಆಲ್ಬಂನಲ್ಲೂ ಬಂದಿರಲಿಲ್ಲ. ನ್ಯೂ ಆರ್ಲಿಯನ್ಸ್ ಕಡೆ ಹೋಗಬೇಕಾದರೆ ಮೀಟರ್ಸ್ ತಂಡದ 1995ರ 'ಫಂಕಿಫೈ ಯುವರ್ ಲೈಫ್', ಎರಡು ಸಿಡಿ, ಹಾಡಿಗಿಂತ ವಾದ್ಯವೇ ಜಾಸ್ತಿ. ಇನ್ನೂ ಅಗಲಕ್ಕೆ ಕೇಳಬೇಕೆಂದರೆ ಲಂಡನ್‌ನ ಸೋಲ್ ಜಾಝ್ ರೆಕಾರ್ಡ್ಸ್ 2000ರಲ್ಲಿ ತಂದ 'ನ್ಯೂ ಆರ್ಲಿಯನ್ಸ್ ಫಂಕ್' ಇದೆ. ಆ ಊರಿನ ಬೀದಿ ಮೆರವಣಿಗೆಯ ಡ್ರಮ್ ಲಯ ಹೇಗೆ ಫಂಕ್‌ಗೆ ಇಳಿಯಿತು ಅನ್ನೋದು ಅದನ್ನು ಕೇಳಿದರೆ ಗೊತ್ತಾಗುತ್ತದೆ.

ಹುಡುಕಿ ತೆಗೆಯುವವರ ಸಂಕಲನಗಳು

ಹಿಟ್‌ಗಳು ಮುಗಿದ ಮೇಲೆ ನಿಜವಾದ ಮಜಾ ಶುರು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಕಾರ್ಖಾನೆ ಊರುಗಳ ಹುಡುಗರು ಅಮೆರಿಕದಲ್ಲಿ ಸೋತ ಸೋಲ್ ಸಿಂಗಲ್‌ಗಳನ್ನು ಹುಡುಕಿ ತಂದು ರಾತ್ರಿಯಿಡೀ ಕುಣಿಯುತ್ತಿದ್ದರು. ಮ್ಯಾಂಚೆಸ್ಟರ್‌ನ ಟ್ವಿಸ್ಟೆಡ್ ವ್ಹೀಲ್, ಆಮೇಲೆ 1973ರಿಂದ 1981ರ ತನಕ ವಿಗನ್ ಕ್ಯಾಸಿನೊ ಅನ್ನೋ ಕ್ಲಬ್‌ಗಳು ಇದರ ಠಿಕಾಣಿಗಳು. ಹಾಡಿನ ಹೆಸರು ಬೇರೆ ಡಿಜೆಗಳಿಗೆ ಗೊತ್ತಾಗಬಾರದು ಅಂತ ಲೇಬಲ್ ಮೇಲೆ ಸುಳ್ಳು ಹೆಸರು ಅಂಟಿಸುತ್ತಿದ್ದರಂತೆ. ಫ್ರ್ಯಾಂಕ್ ವಿಲ್ಸನ್ 1965ರಲ್ಲಿ ಮೋಟೌನ್‌ಗೆ ಹಾಡಿದ ಒಂದು ಸಿಂಗಲ್‌ನ ಪ್ರತಿ ಬೆರಳೆಣಿಕೆಯಷ್ಟೇ ಉಳಿದಿದೆ. 2009ರಲ್ಲಿ ಒಂದು ಪ್ರತಿ 25 ಸಾವಿರ ಪೌಂಡಿಗೂ ಜಾಸ್ತಿ ಬೆಲೆಗೆ ಹೋಯಿತು. ಅದೇ ಹಾಡು ಸಾಧಾರಣ ಬೆಲೆಯ ಸಿಡಿ ಸಂಕಲನದಲ್ಲೂ ಸಿಗುತ್ತದೆ. ಸಂಕಲನ ಬೇಡ, ಮೂಲ ಪ್ರತಿನೇ ಬೇಕು ಅನ್ನುವವರು ಮನೆ ಮಾರಬೇಕಾದೀತು.

ಈ ದಾರಿಗೆ ಲಂಡನ್‌ನ ಏಸ್ ಕಂಪನಿಯ ಕೆಂಟ್ ಲೇಬಲ್ (ಅವರದೇ ಒಂದು ಬ್ರ್ಯಾಂಡ್) ನೆಚ್ಚಬಹುದು. 1982ರಿಂದ ಶಿಸ್ತಾಗಿ ಹಕ್ಕು ಪಡೆದು, ಮಾಸ್ಟರ್ ಟೇಪ್ ಹುಡುಕಿ, ದಪ್ಪ ಪುಸ್ತಕ ಸೇರಿಸಿ ಸಂಕಲನ ಮಾಡುತ್ತಾ ಬಂದಿದ್ದಾರೆ. ಕುಣಿತದ ಹಾಡು ಬೇಡ, ಕರುಳು ಹಿಂಡುವಂಥದ್ದು ಬೇಕು ಅಂದರೆ ಇವರದ್ದೇ 'ಡೇವ್ ಗಾಡಿನ್ಸ್ ಡೀಪ್ ಸೋಲ್ ಟ್ರೆಶರ್ಸ್', 1997ರಲ್ಲಿ ಮೊದಲ ಭಾಗ ಬಂತು. ಇಂಗ್ಲೆಂಡಿನ ಉತ್ತರದವರು ಕುಣಿಯುತ್ತಿದ್ದ ಆ ಸೋಲ್‌ಗೆ ನಾರ್ದರ್ನ್ ಸೋಲ್ ಅನ್ನೋ ಹೆಸರು ಇಟ್ಟವರೇ ಈ ಗಾಡಿನ್. ಒಂದೇ ಸಲಕ್ಕೆ ಇಡೀ ಡಿಸ್ಕ್ ಕೇಳಬೇಡಿ, ಮನಸ್ಸು ತಡೆಯುವುದಿಲ್ಲ.

ಶಿಕಾಗೊದ ನ್ಯೂಮೆರೊ ಗ್ರೂಪ್ ಇನ್ನೊಂದು ಭರವಸೆಯ ಹೆಸರು. ಒಹಾಯೊದ ಕೊಲಂಬಸ್ ಊರಿನಲ್ಲಿ ಬಿಲ್ ಮಾಸ್ ಅನ್ನೋರು ನಡೆಸಿ ಕೈಸುಟ್ಟುಕೊಂಡ ಕ್ಯಾಪ್‌ಸೋಲ್ ಅನ್ನೋ ಪುಟ್ಟ ಕಂಪನಿಯ ಹಾಡುಗಳನ್ನು 2004ರಲ್ಲಿ 'ಎಕ್ಸೆಂಟ್ರಿಕ್ ಸೋಲ್' ಸರಣಿಯ ಮೊದಲ ಕಂತಾಗಿ ತಂದರು. ಆ ಸರಣಿಯಲ್ಲಿ ಯಾವುದನ್ನು ಎತ್ತಿಕೊಂಡರೂ ಒಂದು ಊರಿನ ಕಥೆ ಸಿಗುತ್ತದೆ. ಫಂಕ್‌ನಲ್ಲಿ ಇದೇ ಥರ ಬೇಕಾದವರಿಗೆ 2001ರ 'ದಿ ಫಂಕಿ 16 ಕಾರ್ನರ್ಸ್'. ಮತ್ತೆ 2006ರ 'ಟೆಕ್ಸಸ್ ಥಂಡರ್ ಸೋಲ್' ಮರೆಯಬೇಡಿ. ಅದರಲ್ಲಿ ನುಡಿಸಿರುವವರು ಹ್ಯೂಸ್ಟನ್‌ನ ಕಾಶ್ಮೀರ್ ಹೈಸ್ಕೂಲಿನ ಮಕ್ಕಳು, ಕಾನ್ರಾಡ್ ಜಾನ್ಸನ್ ಮೇಷ್ಟ್ರು ಕಲಿಸಿದ ಶಾಲಾ ಬ್ಯಾಂಡ್. ಹೇಳದಿದ್ದರೆ ಖಂಡಿತ ನಂಬುವುದಿಲ್ಲ.

ಹಿಪ್‌ಹಾಪ್ ದಾರಿಯಿಂದ ಬಂದವರು 'ಅಲ್ಟಿಮೇಟ್ ಬ್ರೇಕ್ಸ್ ಆಂಡ್ ಬೀಟ್ಸ್' ಹೆಸರು ಕೇಳಿರುತ್ತೀರಿ. 1986ರಿಂದ 1991ರ ತನಕ 25 ಎಲ್‌ಪಿ ಬಂದವು, ಡಿಜೆಗಳಿಗಾಗಿಯೇ ಮಾಡಿದ್ದು. ಡ್ರಮ್ ಭಾಗ ಎದ್ದು ಕೇಳಲಿ ಅಂತ ಕೆಲವು ಹಾಡುಗಳನ್ನು ಅವರೇ ತಿದ್ದಿದ್ದಾರೆ. ಹಾಗಾಗಿ ಇತಿಹಾಸಕ್ಕೆ ಇಟ್ಟುಕೊಳ್ಳಿ, ಮೂಲ ಹಾಡು ಹೀಗೇ ಇತ್ತು ಅಂದುಕೊಳ್ಳಬೇಡಿ.

ಇಲ್ಲಿಂದ ಕೊಳ್ಳುವಾಗ

ಬೆಂಗಳೂರಿನ ಹಳೇ ಎಲ್‌ಪಿ ಅಂಗಡಿಗಳಲ್ಲಿ ಬೋನಿ ಎಂ, ಅಬ್ಬಾ ಎಷ್ಟು ಬೇಕಾದರೂ ಸಿಗುತ್ತದೆ, ಸೋಲ್ ಸಿಗುವುದು ಅದೃಷ್ಟ. ಹೊರಗಿಂದಲೇ ತರಿಸಬೇಕು. ಡಿಸ್ಕಾಗ್ಸ್‌ನಲ್ಲಿ (ಡಿಸ್ಕ್ ಕೊಂಡು ಮಾರುವ ಜಾಲತಾಣ) ಹುಡುಕುವಾಗ ಡಿಸ್ಕಿನ ಬೆಲೆ ನೋಡಿ ಖುಷಿಪಡಬೇಡಿ, ಅಂಚೆ ಖರ್ಚು ಮತ್ತು ಕಸ್ಟಮ್ಸ್ ಸೇರಿಸಿ ನೋಡಿ. ಎಷ್ಟೋ ಸಲ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಒಬ್ಬನೇ ಮಾರಾಟಗಾರನಿಂದ ನಾಲ್ಕೈದು ಒಟ್ಟಿಗೆ ತರಿಸಿದರೆ ಸ್ವಲ್ಪ ಉಳಿಯುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಂಟರಿದ್ದರೆ ಅವರ ಮನೆಗೆ ಕಳಿಸಿ, ಬರುವಾಗ ತರಲಿ. ಆದರೆ ಎಲ್‌ಪಿ ಸೂಟ್‌ಕೇಸಿನಲ್ಲಿ ತರುವುದು ಅಂದರೆ ಯಾರಿಗೂ ಇಷ್ಟ ಇರಲ್ಲ, ಸಿಡಿ ಆದರೆ ಬೇಡ ಅನ್ನುವುದಿಲ್ಲ. ಅಲ್ಲೇ ಇರುವವರು ಮೆಂಫಿಸ್ ಕಡೆ ಹೋದರೆ ಸ್ಟ್ಯಾಕ್ಸ್ ಮ್ಯೂಸಿಯಂ ನೋಡಿ ಬನ್ನಿ. ಹಳೇ ಟಾಕೀಸ್ ಕಟ್ಟಡ 1989ರಲ್ಲೇ ಕೆಡವಿದ್ದರು, ಅದೇ ಜಾಗದಲ್ಲಿ 2003ರಲ್ಲಿ ಮ್ಯೂಸಿಯಂ ಕಟ್ಟಿದ್ದಾರೆ.

ಸಂಕಲನಗಳ ಮಟ್ಟಿಗೆ ನಾನು ಸಿಡಿ ಪರ. ಮೇಲೆ ಹೇಳಿದ ದೊಡ್ಡ ಸೆಟ್‌ಗಳಲ್ಲಿ ಹೆಚ್ಚಿನವು 1990ರ ದಶಕದಲ್ಲಿ ಸಿಡಿಗಾಗಿಯೇ ಮಾಡಿದ್ದು. ಈಗ ಎಲ್ಲರೂ ಎಲ್‌ಪಿ ಹಿಂದೆ ಬಿದ್ದಿರುವುದರಿಂದ ಇವು ಕಡಿಮೆಗೆ ಸಿಗುತ್ತವೆ, ಪುಸ್ತಕ ಬೇರೆ ಜೊತೆಗೆ ಬರುತ್ತದೆ. ಎಲ್‌ಪಿನೇ ಬೇಕು ಅಂದರೆ ಡಿಸ್ಕಿನ ಸ್ಥಿತಿ ಹೇಳುವ ಗ್ರೇಡ್ ವಿಜಿ ಪ್ಲಸ್‌ಗಿಂತ (ವೆರಿ ಗುಡ್ ಪ್ಲಸ್) ಕೆಳಗೆ ಹೋಗಬೇಡಿ. ಕುಣಿತದ ಸಂಗೀತ ಇದು, ಪಾರ್ಟಿಯಲ್ಲಿ ಸವೆದ ಪ್ರತಿಗಳೇ ಜಾಸ್ತಿ.

ಹಳೇ ಸಿಡಿ ಸೆಟ್ ಬಂದ ದಿನವೇ ಪೆಟ್ಟಿಗೆ ಪೂರ್ತಿ ಬಿಚ್ಚಿ ನೋಡಿ. ಆ ಕಾಲದಲ್ಲಿ ಡಿಸ್ಕ್ ಅಲ್ಲಾಡದಿರಲಿ ಅಂತ ಒಳಗೆ ಸ್ಪಂಜಿನ ತುಂಡು ಇಡುತ್ತಿದ್ದರು. ವರ್ಷ ಕಳೆದ ಮೇಲೆ ಅದು ಕರಗಿ ಅಂಟಾಗಿ ಡಿಸ್ಕ್‌ಗೆ ಮೆತ್ತಿಕೊಳ್ಳುತ್ತದೆ. ಸ್ಪಂಜ್ ಕಂಡರೆ ಮೊದಲು ತೆಗೆದು ಬಿಸಾಡಿ. ಮಲೆನಾಡು, ಕರಾವಳಿ ಕಡೆಯವರಿಗೆ ಮಳೆಗಾಲದಲ್ಲಿ ಬೂಷ್ಟಿನ ಕಾಟ ಇದ್ದೇ ಇದೆ. ಎಲ್‌ಪಿಯ ಕವರ್‌ಗೆ ಮೊದಲು ಹಿಡಿಯುತ್ತದೆ, ಆಮೇಲೆ ಡಿಸ್ಕ್‌ಗೆ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಜೂನ್ ಬರುವ ಮೊದಲೇ ಮಧ್ಯೆ ಮಧ್ಯೆ ಸಿಲಿಕಾ ಜೆಲ್ ಪೊಟ್ಟಣ ಸೇರಿಸಿಬಿಡಿ.